ಜ್ವರವೇ ಇರಲಿಲ್ಲ

ನಡುಮನೆಯಲ್ಲಿ ಮಲಗಿಸಿದ್ದ ಹೆಣದ ಪಾದಕ್ಕೆ ಹೂವಿಟ್ಟು ಕೈಮುಗಿದು ಎದ್ದ ಹಳೆಯ ಡ್ರೈವರ್, ಕಣ್ಣೊರೆಸಿಕೊಳ್ಳುತ್ತಲೇ ನಗತೊಡಗಿದ.

"ಸಾಯೋವರೆಗೂ ಡ್ಯೂಟಿ ಬಿಡಲಿಲ್ಲ ನಮ್ಮ ಕಂಡಕ್ಟರು! ಮೊನ್ನೆ ಮಾತಾಡಿಸೋಕೆ ಬಂದ್ರೆ, 'ಹತ್ತಿ ಹತ್ತಿ, ಹಿಂದ್ಗಡೆ ಖಾಲಿ ಇದೆ, ಚಿಲ್ಲರೆ ಕೈಲಿಟ್ಕೊಳ್ಳಿ' ಅಂದ."

ಅಳುತ್ತಿದ್ದವರೂ ನಕ್ಕರು. ಅಯ್ಯೋ, ಸಾವಿನ ಮನೆಯಲ್ಲಿ ನಗು ನುಸುಳದೆ ಇರುತ್ತದೆಯೇ! ಒಳಕೋಣೆಯಲ್ಲಿ ಅತ್ತೆಯ ಪಕ್ಕ ಕೂತಿದ್ದ ಸೊಸೆಗೆ ಮಾತ್ರ ಕಿವಿ ಮುಚ್ಚಿಕೊಂಡು ಎಲ್ಲಾದರೂ ಓಡಿಹೋಗಬೇಕೆನ್ನಿಸಿತು. ಓಡುವುದೆಲ್ಲಿಗೆ? ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

*

ಅವತ್ತು ಅವಳೂ ಬಿದ್ದು ಬಿದ್ದು ನಕ್ಕಿದ್ದಳು. ಮನೆಮಂದಿಗೆಲ್ಲ ನೆಗಡಿ ಬಂದಿತ್ತು. ಅದರ ಹಿಂದೆಯೇ ಮಾವ ಊಟ ಬಿಟ್ಟು, ಮಂಚವನ್ನೇ ಬಸ್ಸು ಮಾಡಿಕೊಂಡು ಕೂಗತೊಡಗಿದ್ದರು.

"ಅರವತ್ತಕ್ಕೆ ಅರಳು ಮರಳು ಅಂತಾರೆ. ಅಪ್ಪಂಗೆ ಲೇಟಾಗೇ ಬಂತು," ಎಂದಿದ್ದ ಗಂಡ.

ಥರ್ಮಾಮೀಟರ್ ಇಟ್ಟು ನೋಡಿದವಳು ಅವಳೇ. ಕೆಮ್ಮು ಅಷ್ಟಕ್ಕಷ್ಟೇ. "ಜ್ವರಾನೇ ಇಲ್ಲ, ಆಸ್ಪತ್ರೆಗ್ಯಾಕೆ?" ಎಂದವಳೂ ಅವಳೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತುಟಿ ನೀಲಿಯಾದ ಮೇಲೆ ಆಸ್ಪತ್ರೆಗೆ ಓಡಿದ್ದರು.

"ನ್ಯುಮೋನಿಯಾ," ಎಂದಿದ್ದರು ಡಾಕ್ಟರಮ್ಮ, ಎಕ್ಸ್‌ರೇಯಲ್ಲಿ ಬೆಳ್ಳಗಾಗಿದ್ದ ಶ್ವಾಸಕೋಶ ತೋರಿಸುತ್ತ. "ವಯಸ್ಸಾದವರಿಗೆ ಜ್ವರ ಬರಲೇಬೇಕು ಅಂತಿಲ್ಲಮ್ಮ. ಇದ್ದಕ್ಕಿದ್ದಂಗೆ ಏನೇನೋ ಮಾತಾಡಿದ್ರೆ, ಉಸಿರು ಜೋರಾದ್ರೆ, ತಕ್ಷಣ ಕರ್ಕೊಂಡು ಬರ್ಬೇಕು. ಔಷಧಿ ಬೇಗ ಶುರುವಾಗಿದ್ರೆ..."

 

*

"ಬಾಗಿಲು ಹಾಕ್ಬೇಡಿ... ಅವರಿನ್ನೂ ಬಂದಿಲ್ಲ," ಎಂದರು ಅತ್ತೆ.

"ಪಾಪ, ದುಃಖಕ್ಕೆ ಅಮ್ಮಂಗೆ ದಿಕ್ಕೇ ತಪ್ಪಿದೆ," ಎಂದು ನಾದಿನಿ ಗೊಳೋ ಎಂದಳು.

ಸೊಸೆ ಅತ್ತೆಯ ಬೆನ್ನ ಮೇಲೆ ಕೈಯಿಟ್ಟಳು. ಓಡಿ ಬಂದವರ ಹಾಗೆ ಏದುಸಿರು. ಹಣೆ ಮುಟ್ಟಿದರೆ ತಣ್ಣಗಿತ್ತು.

"ಅತ್ತೇನ ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು."

"ನಿಂಗೂ ತಲೆ ಕೆಡ್ತೇನಮ್ಮಾ?" ಮಾವನ ಅಣ್ಣ ನಡುಮನೆಯಿಂದಲೇ ಗದರಿದರು. "ಗಂಡನ ಹೆಣ ಮನೇಲಿದೆ. ಎತ್ತೋ ಮುಂಚೆ ಹೆಂಡತಿ ಹೊರಟುಬಿಟ್ರೆ ನೋಡ್ದೋರು ಏನಂತಾರೆ?"

"ಜ್ವರ ಇದೆಯಾ?" ನಡುಮನೆಯಿಂದ ಇಣುಕಿ ಗಂಡ ಮೆಲ್ಲಗೆ ಕೇಳಿದ.

"ಇಲ್ಲ." ಹೇಳುವಾಗಲೇ ಅವಳಿಗೆ ಅಳು ನುಗ್ಗಿ ಬಂತು. "ಮಾವಂಗೂ ಇರ್ಲಿಲ್ಲ ರೀ!"

ಯಾರೂ ಮಿಸುಕಲಿಲ್ಲ. ಅವಳು ಅತ್ತೆಯ ತೋಳನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ನೆಂಟರ ಮಂಡಿಗಳ ನಡುವೆ ಹೇಗೋ ದಾರಿ ಮಾಡಿಕೊಂಡು ಕೋಣೆಯ ಬಾಗಿಲಿಗೆ ಬಂದಳು. ಎದುರಿಗೆ ಇಕ್ಕಟ್ಟಾದ ನಡುಮನೆಯ ತುಂಬ ಮಾವನೇ ಮಲಗಿದ್ದರು. ಸುತ್ತಿ ಹೋಗುವಂತಿಲ್ಲ, ದಾಟುವಂತಿಲ್ಲ. ಬೀದಿಬಾಗಿಲು ಅವರ ಆಚೆಗಿತ್ತು.

ಅತ್ತೆ ಗಂಡನ ಕಾಲ ಬಳಿ ನಿಂತು ಉಸಿರೆಳೆದುಕೊಂಡರು.

"ರೀ... ಸ್ವಲ್ಪ ಕಾಲು ಮಡಚ್ಕೊಳ್ಳಿ. ಹೋಗ್ಬೇಕು."

ಯಾರೂ ನಗಲಿಲ್ಲ. ಮಗ ಬಗ್ಗಿ, ಅಪ್ಪನ ಎರಡೂ ಪಾದಗಳನ್ನು ಹಿಡಿದು ಮೆಲ್ಲಗೆ ಗೋಡೆಯ ಕಡೆ ಸರಿಸಿದ.