ಉಡಿ ತುಂಬ ಹಕ್ಕರಕಿ

ಆಶಾ ಕಾರ್ಯಕರ್ತೆ ಹೇಳಿ ಹೋಗಿ ಎಂಟು ದಿನವಾಗಿತ್ತು. ರಾಜಶ್ರೀಗೆ ಏಳು ತಿಂಗಳು ತುಂಬಿವೆ, ರಕ್ತ ಕಡಿಮೆ, ದಿನಾ ಸೊಪ್ಪು ತಿನ್ನಬೇಕು. ಗುಳಿಗೆ ನುಂಗಿದರೆ ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಹೆರಿಗೆಗೆಂದು ಚಿಕ್ಕೇರೂರಿನ ತವರಿಗೆ ಬಂದ ಮಗಳಿಗೆ ಸೊಪ್ಪು ತಿನ್ನಿಸುವುದು ಅದ್ಯಾವ ದೊಡ್ಡ ಕೆಲಸ ಎಂದುಕೊಂಡಿದ್ದಳು ಮಂಜವ್ವ.

ಹುಡುಕಲು ಹೋದ ಮೇಲೆ ತಿಳಿಯಿತು. ಊರ ಅಂಗಡಿಯಲ್ಲಿ ಆಲೂಗಡ್ಡೆ, ಉಳ್ಳಾಗಡ್ಡೆ ಬಿಟ್ಟರೆ ಏನೂ ಇಲ್ಲ. ಹಿರೇಕೆರೂರಿನ ಸಂತೆಯಿಂದ ತಂದ ಮೆಂತ್ಯ ಎರಡೇ ದಿನಕ್ಕೆ ಹಳದಿಯಾಯಿತು. ಮೊದಲಾದರೆ ಕಳೆ ತೆಗೆಯಲು ಹೋದ ಹೆಂಗಸರು ಸಂಜೆ ಉಡಿ ತುಂಬ ಸೊಪ್ಪು-ಪಲ್ಯೆ ಕಟ್ಟಿಕೊಂಡೇ ಬರುತ್ತಿದ್ದರು. ಹೊಲದವರನ್ನು ಯಾರೂ ಕೇಳುತ್ತಿರಲಿಲ್ಲ, ಅವರೂ ಬೇಡವೆನ್ನುತ್ತಿರಲಿಲ್ಲ. ಈಗ ಎಲ್ಲಿ ನೋಡಿದರೂ ಗೋವಿನಜೋಳ. ಕಳೆಗೆ ಔಷಧಿ ಹೊಡೆಯುತ್ತಾರೆ, ಹೆಂಗಸರನ್ನು ಕರೆಯುವುದಿಲ್ಲ.

ಅದಕ್ಕೇ ಪರಮೇಶಪ್ಪನವರ ಹೊಲದ ಸಾಲುಗಳ ನಡುವೆ ಹಕ್ಕರಕಿ ಕಂಡಾಗ ಅವಳ ಕಾಲು ತಾನಾಗಿಯೇ ನಿಂತಿತು. ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಸೊಪ್ಪು, ರಾಜಶ್ರೀಗೆ ಚಿಕ್ಕಂದಿನಿಂದಲೂ ಜೀವ. ಎಳೆಯ ಎಲೆಗಳನ್ನೇ ಆರಿಸಿ ಉಡಿಗೆ ತುಂಬಿಕೊಂಡಳು.

ಓಣಿಯ ತಿರುವಿನಲ್ಲಿ ಪರಮೇಶಪ್ಪನ ಹೆಂಡತಿ ಸರೋಜವ್ವ ಸಿಕ್ಕಳು.

“ಬಸುರಿ ಮಗಳೋ ನೀನೋ ಮಂಜವ್ವ, ಹೊಟ್ಟಿ ಹಿಡಕೊಂಡು ಹೊಂಟಿಯಲ್ಲ?”

ಮಂಜವ್ವ ನಗುತ್ತ ಉಡಿ ಬಿಚ್ಚಿ ತೋರಿಸಿದಳು. ಸರೋಜವ್ವನ ನಗು ನಿಂತಿತು. ಎಲ್ಲಿಯದೆಂದು ಕೇಳಿ, ತಮ್ಮ ಹೊಲದ್ದೇ ಎಂದು ತಿಳಿದು ಕೈ ಹಿಡಿದುಕೊಂಡಳು.

“ತಿನಬ್ಯಾಡ್ರಿ ಅದನ್ನ. ನಿನ್ನೆ ಸಂಜಿಗೇ ಔಷಧಿ ಹೊಡಸ್ಯಾರ. ಬಾಡೋತನಕ ಹಿಂಗ ಹಸರಾಗೇ ಇರತೈತಿ.”

ತನ್ನ ಮನೆಯಿಂದಲಾದರೂ ಏನಾದರೂ ಕೊಡೋಣವೆಂದರೆ, ತಮ್ಮ ಹಿತ್ತಲಿನವರೆಗೂ ಗೋವಿನಜೋಳವೇ. ತಾವೂ ಸಂತೆಯ ದಾರಿ ಕಾಯುವವರೇ ಎಂದಳು ಸರೋಜವ್ವ, ಸಣ್ಣ ದನಿಯಲ್ಲಿ.

ಆ ಸೊಪ್ಪನ್ನು ಮನೆಯ ಆಡಿಗೂ ಹಾಕುವಂತಿರಲಿಲ್ಲ. ಮಂಜವ್ವ ತಿಪ್ಪೆಯ ಪಕ್ಕ ಗುಂಡಿ ತೋಡಿ, ಎಲೆಗಳನ್ನು ಸುರಿದು, ಮೇಲೆ ಮಣ್ಣು ಎಳೆದಳು. ಕೈ ಎರಡು ಸಲ ತೊಳೆದುಕೊಂಡಳು.

ಒಳಗೆ ರಾಜಶ್ರೀ ರೊಟ್ಟಿ ಮುರಿದಿಟ್ಟುಕೊಂಡು ಕೂತಿದ್ದಳು. ತಾಟಿನ ಒಂದು ಬದಿ ಖಾಲಿ ಬಿಟ್ಟಿದ್ದಳು.

“ಸಿಗಲಿಲ್ಲವ್ವ,” ಎಂದಳು ಮಂಜವ್ವ. “ಚಟ್ನಿ ಹಾಕತೇನಿ, ಉಣ್ಣು.”

ಮಗಳು ಅವಳ ಸೀರೆಯ ಹಸಿರು ಕಲೆ ನೋಡಿದಳು. ಹತ್ತಿರ ಬಾಗಿ ಮೂಸಿದಳು.

“ಹಕ್ಕರಕಿ ವಾಸನಿ ಐತಲ್ಲ ಅವ್ವ.”

ಮಂಜವ್ವ ಸೆರಗನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.