ದೇವರ ಪಾಲಿನ ಹಿಡಿಯಕ್ಕಿ

ಬೆಟ್ಟಗಳಿಗಿನ್ನೂ ಯಾರೂ ಹೆಸರಿಟ್ಟಿರದ ಕಾಲದಲ್ಲಿ ಒಬ್ಬನ ಹತ್ತಿರ ನೂರು ದನ ಇದ್ದವಂತೆ. ಸಂಜೆ ನೋಡುತ್ತಾನೆ, ಒಂದು ಇಲ್ಲ.

ಕಳೆದುಹೋದ ಒಂದು ಕುರಿಯನ್ನು ಹುಡುಕುವ ಯೇಸುಸ್ವಾಮಿಯ ಕಥೆಯನ್ನು ಅಜ್ಜಿ ಮೆನ್ ಪಾರ್ ಹೇಳುವಾಗ ಅದರಲ್ಲಿ ಕುರಿಗಳು ಬರುತ್ತಿರಲಿಲ್ಲ. ಈ ಬೆಟ್ಟಗಳಲ್ಲಿ ಕುರಿ ಕಂಡವರು ಯಾರು? ಕಾಡಿಗೆ ಬಿಟ್ಟು ಮೇಯಿಸುವ ಕಪ್ಪು ದನಗಳೇ ಬರುತ್ತಿದ್ದವು. ಯಜಮಾನ ಕೋಲು ಹಿಡಿದು ಹುಡುಕಲು ಹೋಗುತ್ತಿರಲಿಲ್ಲ, ಸೊಂಟಕ್ಕೆ ಉಪ್ಪಿನ ಗಂಟು ಕಟ್ಟಿಕೊಂಡು ಹೋಗುತ್ತಿದ್ದ. ಅಂಗೈಯ ಉಪ್ಪಿಗೆ ಎಂಥ ದನವೂ ಬರುತ್ತದೆ.

"ಉಳಿದವೆಲ್ಲ ಎಲ್ಲಿದ್ವು ಅಜ್ಜಿ?" ಮೊಮ್ಮಗಳು ತಿನ್ ಕೇಳಿದಳು.

"ಅಲ್ಲೇ, ಕಾಡಲ್ಲಿ."

"ಅವನು ವಾಪಸ್ ಬರೋದರೊಳಗೆ ಹುಲಿ ಬಂದ್ರೆ?"

"ಅದನ್ನ ಬೈಬಲ್ಲಲ್ಲಿ ಬರೆದಿಲ್ಲ ಕಂದ."

ಕಲ್ಲಿನ ಒಲೆಯ ಮುಂದೆ ಕಾಡುಗೆಣಸು ಹೆರೆಯುತ್ತಿದ್ದ ಸೊಸೆ ಸುಂಗ್ ತ್ಯಾಲ್ ತಲೆ ಎತ್ತಲಿಲ್ಲ. ಬೆನ್ನಿಗೆ ಕಟ್ಟಿಕೊಂಡಿದ್ದ ಮಗುವಿನ ಮೈ ಕಾದ ಹಂಚಿನ ಹಾಗೆ ಸುಡುತ್ತಿತ್ತು. ಸಿಪಾಯಿಗಳ ಲಾರಿಗಳು ಬೆಟ್ಟ ಹತ್ತುತ್ತಿವೆ ಎಂದು ಸುದ್ದಿ ಬಂದ ದಿನ ಊರಿಗೆ ಊರೇ ಈ ಕಮರಿಗೆ ಇಳಿದಿತ್ತು. ಅಂದಿನಿಂದ ಅವಳ ಎದೆಹಾಲು ಬತ್ತುತ್ತಾ ಬಂದಿತ್ತು. ಮಗು ಈಗ ಅಳುವುದನ್ನೂ ಬಿಟ್ಟಿತ್ತು. ಅವಳಿಗೆ ಹೆದರಿಕೆ ಇದ್ದದ್ದು ಅದಕ್ಕೇ.

ಇಷ್ಟಾದರೂ ಅತ್ತೆ ಪ್ರತಿ ಸಲ ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ತೆಗೆದು ಬಿದಿರಿನ ಕೊಳವೆಗೆ ಹಾಕುತ್ತಿದ್ದಳು. ಊರಿನಲ್ಲಿ ಎಲ್ಲ ಹೆಂಗಸರೂ ಹಾಗೆ ಮಾಡುತ್ತಿದ್ದರು. ಅದು ದೇವರ ಪಾಲು. ಭಾನುವಾರ ಚರ್ಚಿನ ಬುಟ್ಟಿಗೆ ಸುರಿದು ಬರುತ್ತಿದ್ದರು. ಆದರೆ ಇಲ್ಲಿಗೆ ಬಂದ ಮೇಲೆ ಬೇರೆ ಯಾವ ಹೆಂಗಸೂ ಹಿಡಿ ತೆಗೆದಿರಲಿಲ್ಲ. ಚರ್ಚು ಇದ್ದ ದಿಕ್ಕಿನಿಂದ ಹೊಗೆ ಎದ್ದದ್ದನ್ನು ಎಲ್ಲರೂ ನೋಡಿದ್ದರು.

"ದೇವರಿಗೆ ಹೊಟ್ಟೆ ಇಲ್ಲ ಅತ್ತೆ. ನಿಮ್ಮ ಮೊಮ್ಮಗನಿಗಿದೆ," ಎಂದು ಸುಂಗ್ ತ್ಯಾಲ್ ಹಿಂದಿನ ದಿನ ಅಂದಿದ್ದಳು. ಅತ್ತೆ ಕೊಳವೆಯ ಮುಚ್ಚಳ ಒತ್ತಿ, ಕೇಳಿಸದವಳಂತೆ ಕೊಡ ಎತ್ತಿಕೊಂಡು ಝರಿಗೆ ಹೋಗಿದ್ದಳು. ಅಲ್ಲಿ ಕಾಲು ಜಾರಿ ಬಿದ್ದಳು. ಅವಳನ್ನು ಇಬ್ಬರು ಎತ್ತಿಕೊಂಡು ಬರುವಷ್ಟರಲ್ಲಿ ಸುಂಗ್ ತ್ಯಾಲ್ ಕೊಳವೆಯನ್ನು ಬರಿದು ಮಾಡಿ ಗಂಜಿ ಕಾಯಿಸಿದ್ದಳು. ಮಗು ನಾಲ್ಕು ಗುಟುಕು ಕುಡಿದು ನಿದ್ದೆಹೋಯಿತು. ಉಳಿದದ್ದನ್ನು ತಿನ್ ನೆಕ್ಕಿ ಮುಗಿಸಿದಳು.

ಈಗ ಕಥೆ ಮುಗಿಸಿದ ಮುದುಕಿ ಊದಿದ ಕಾಲನ್ನು ಎಳೆದುಕೊಂಡು ಹೋಗಿ ಕೊಳವೆಯನ್ನು ಕೈಗೆತ್ತಿಕೊಂಡಳು. ಅಲ್ಲಾಡಿಸಿದಳು. ಮುಚ್ಚಳ ತೆಗೆದು ಒಳಗೆ ನೋಡಿದಳು. ಬೈಯುತ್ತಾಳೆ ಎಂದು ಸೊಸೆ ಕಾದಳು. ಬೈಗುಳಕ್ಕೆ ಉತ್ತರವನ್ನೂ ರಾತ್ರಿಯಿಂದ ಸಿದ್ಧಮಾಡಿ ಇಟ್ಟುಕೊಂಡಿದ್ದಳು.

"ಅದು ಜಿ ದಿಮ್‌ದು," ಎಂದಳು ಮೆನ್ ಪಾರ್.

ಸುಂಗ್ ತ್ಯಾಲ್ ಕೈಯಲ್ಲಿದ್ದ ಚಾಕು ನಿಂತಿತು.

ಜಿ ದಿಮ್ ಊರಿನ ಕುರುಡಿ ಮುದುಕಿ. ಸೊಂಟ ಮುರಿದು ಹಾಸಿಗೆ ಹಿಡಿದ ಮೇಲೆ ಚರ್ಚಿನ ಆ ಬುಟ್ಟಿಯ ಅಕ್ಕಿಯಲ್ಲೇ ಬದುಕಿದ್ದಳು. ಊರು ಬಿಡುವ ದಿನ ಚರ್ಚಿನ ಸಭೆಯ ಹಿರಿಯ ರಾಲ್ ಉಕ್, ಆಕೆಯ ಸ್ವಂತ ಅಣ್ಣನ ಮಗ, ಎಲ್ಲರನ್ನೂ ನಿಲ್ಲಿಸಿ ಹೇಳಿದ್ದ: ಆಕೆಯನ್ನು ಹೊರಲು ಇಬ್ಬರು ಬೇಕು, ಹೊರಬೇಕಾದ ಮಕ್ಕಳು ಬಹಳ ಇದ್ದಾರೆ, ನೀರು ಮತ್ತು ಬೇಯಿಸಿದ ಜೋಳ ಇಟ್ಟು ಹೋಗೋಣ, ಬೇಗ ವಾಪಸು ಬರುತ್ತೇವಲ್ಲ. ಯಾರೂ ಬೇಡ ಎನ್ನಲಿಲ್ಲ. ಸುಂಗ್ ತ್ಯಾಲ್ ಕೂಡ ಮಗುವನ್ನು ಬೆನ್ನಿಗೆ ಕಟ್ಟುತ್ತಾ ಬಟ್ಟೆಯ ಗಂಟಿನ ಕಡೆಗೇ ನೋಡುತ್ತಿದ್ದಳು. ಅತ್ತೆ ಮಾತ್ರ ಆ ಮನೆಯೊಳಗೆ ಹೋಗಿ ಬಂದಿದ್ದಳು.

"ಭಾನುವಾರದ ಅಕ್ಕಿ ತಂದುಕೊಡ್ತೀನಿ ಅಂತ ಕೈ ಹಿಡಿದು ಹೇಳಿ ಬಂದಿದ್ದೆ," ಎಂದಳು ಮೆನ್ ಪಾರ್. "ಇವತ್ತು ಭಾನುವಾರ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮಗೂಗೆ ಗಂಜಿ ಮಾಡ್ದೆ ಇರ್ತಿದ್ಯಾ?" ಮುದುಕಿ ಕೋಲಿಗಾಗಿ ತಡಕಾಡಿದಳು. "ತೆವಳಿಕೊಂಡಾದ್ರೂ ಹೋಗ್ತೀನಿ ಬಿಡು."

ಸುಂಗ್ ತ್ಯಾಲ್ ಎದ್ದು ಅವಳ ಕೈಯಿಂದ ಕೊಳವೆ ಕಿತ್ತುಕೊಂಡಳು.

ಮೊದಲು ರಾಲ್ ಉಕ್‌ನ ಗುಡಾರಕ್ಕೆ ಹೋದಳು. ಯಾರಿಗೆ ಎಂದು ಹೇಳಿ ಕೊಳವೆ ಮುಂದೆ ಹಿಡಿದಳು. ಅವನು ಕಮರಿಯ ತಳದಲ್ಲಿದ್ದ ಗಡಿಹೊಳೆಯ ಕಡೆಗೆ ಕೈ ತೋರಿಸಿದ. ಇವತ್ತೇ ಗಡಿ ದಾಟಬೇಕು, ಸಂಜೆ ಬಿಸಿಲು ಆಚೆ ದಂಡೆಗೆ ಸರಿಯುವವರೆಗೆ ಮಾತ್ರ ನಿನಗಾಗಿ ಕಾಯುತ್ತೇವೆ, ಒಬ್ಬಳಿಗಾಗಿ ಇಷ್ಟು ಜನರನ್ನು ಸಾಯಿಸಲಾರೆ ಎಂದ. ಅವಳು ಕೊಳವೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಅವನೇ ಒಳಗೆ ಹೋಗಿ ಹಿಡಿ ತುಂಬ ಅಕ್ಕಿ ತಂದ. ಸುರಿಯುವಾಗ ನಾಲ್ಕು ಕಾಳು ನೆಲಕ್ಕೆ ಬಿದ್ದವು. ಅವನು ಕೂತು ಅವನ್ನೂ ಆರಿಸಿ ಹಾಕಿದ. ಪಕ್ಕದವರು ಹಾಕಿದರು. ಒಬ್ಬಳು ಮಡಕೆಯ ಮೇಲೆ ಬಟ್ಟೆ ಮುಚ್ಚಿ ಮುಖ ತಿರುಗಿಸಿದಳು. ಅವಳಿಗೂ ಸಣ್ಣ ಮಕ್ಕಳಿದ್ದರು. ಕೊಳವೆ ಅರ್ಧಕ್ಕಿಂತ ತುಸು ಮೇಲೆ ಬಂತು.

ಮಗುವನ್ನು ಬಿಚ್ಚಿ ಅತ್ತೆಯ ಮಡಿಲಿಗೆ ಹಾಕಿದಳು. ಅತ್ತೆ ಸೆರಗಿನ ತುದಿಯಿಂದ ಉಪ್ಪಿನ ಸಣ್ಣ ಗಂಟು ಬಿಚ್ಚಿ ಅವಳ ಮುಷ್ಟಿಯೊಳಗಿಟ್ಟಳು. ಹುಲಿ ಬಂದ್ರೆ ಎಂದು ತಿನ್ ಈ ಸಲ ಕೇಳಲಿಲ್ಲ. ಅವಳು ಕೇಳದೆ ಇದ್ದದ್ದನ್ನು ತಾಯಿ ಏರುದಾರಿಯುದ್ದಕ್ಕೂ ಕೇಳಿಸಿಕೊಂಡಳು.

ಅರ್ಧ ಬೆಟ್ಟ ಏರಿದ ಮೇಲೆ ನೆನಪಾಯಿತು, ಮಗುವನ್ನು ಕಟ್ಟುವ ಬಟ್ಟೆ ಹೆಗಲ ಮೇಲೇ ಉಳಿದಿತ್ತು.

ಊರಿನಲ್ಲಿ ಕೋಳಿ ಕೂಡ ಇರಲಿಲ್ಲ. ಚರ್ಚಿನ ಜಾಗದಲ್ಲಿ ತಗಡುಗಳು ಸುರುಟಿಕೊಂಡು ಬಿದ್ದಿದ್ದವು. ಜಿ ದಿಮ್‌ಳ ಬಾಗಿಲು ತಳ್ಳಿದಾಗ ವಾಸನೆ ಮುಖಕ್ಕೆ ಹೊಡೆಯಿತು. ತಡವಾಯಿತು ಅಂದುಕೊಂಡಳು.

"ಮೆನ್ ಪಾರಾ?" ಎಂದಿತು ಕತ್ತಲೆ ಮೂಲೆ.

"ಅವರ ಸೊಸೆ, ಅಜ್ಜಿ."

"ಹಾಗಾದ್ರೆ ಇವತ್ತು ಭಾನುವಾರವೇ. ಚರ್ಚಿನ ಗಂಟೆ ಕೇಳ್ಲಿಲ್ಲ, ನಂಗೇ ಲೆಕ್ಕ ತಪ್ಪಿತು ಅಂದ್ಕೊಂಡೆ."

ಸುಂಗ್ ತ್ಯಾಲ್ ಮುದುಕಿಗೆ ನೀರು ಕುಡಿಸಿದಳು. ನಾಲಿಗೆಗೆ ಒಂದು ಹರಳು ಉಪ್ಪು ಇಟ್ಟಳು. ಹೊದಿಕೆಯ ಕೆಳಗಿನ ದೇಹ ಒಣಗಿ ಮಗುವಿನಷ್ಟೇ ಆಗಿತ್ತು. ಕೆಳಗಿನ ರಸ್ತೆಯಲ್ಲಿ ಲಾರಿಯೊಂದು ತಿರುವಿನಲ್ಲಿ ಗೇರು ಬದಲಿಸುವ ಸದ್ದು ಕೇಳಿತು, ಅದರ ಹಿಂದೆ ಇನ್ನೊಂದು. ಅವಳು ಅಕ್ಕಿಯನ್ನು ಮುದುಕಿಯ ಮಡಿಲಿಗೆ ಸುರಿದು, ಹೆಗಲ ಬಟ್ಟೆ ತೆಗೆದು ನೆಲದ ಮೇಲೆ ಉದ್ದಕ್ಕೆ ಹಾಸಿದಳು.

"ಬನ್ನಿ ಅಜ್ಜಿ. ಕುತ್ತಿಗೆ ಗಟ್ಟಿಯಾಗಿ ಹಿಡ್ಕೊಳ್ಳಿ."

"ತಡಿ ಮಗಳೇ," ಎಂದಳು ಜಿ ದಿಮ್.

ಮಡಿಲಿನಿಂದ ಒಂದು ಹಿಡಿ ಅಕ್ಕಿ ತೆಗೆದುಕೊಂಡಳು. ಇನ್ನೊಂದು ಕೈಯನ್ನು ಗೋಡೆಯ ಕಡೆಗೆ ಚಾಚಿದಳು. ಅಲ್ಲಿ ತೂಗುಹಾಕಿದ್ದ ಬಿದಿರಿನ ಕೊಳವೆ ತಡಕಾಡದೆಯೇ ಸಿಕ್ಕಿತು. ಅಕ್ಕಿ ಅದರ ತಳಕ್ಕೆ ಬಿದ್ದ ಸದ್ದು ನಿಲ್ಲುವವರೆಗೆ ಕಾದು, ಮುದುಕಿ ಮುಚ್ಚಳ ಒತ್ತಿದಳು.