ಎರಡು ಭರಣಿ ಕುಂಕುಮ

ರಂಜಿನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಒಂದು ಡಬ್ಬಿ ಮೂಲಂಗಿ ಉಪ್ಪಿನಕಾಯಿಯಿಂದ.

ಚಾಮರಾಜಪೇಟೆಯ ಆ ಸರ್ಕಾರಿ ಶಾಲೆಯಲ್ಲಿ ಪೋಷಕರ ಸಮಿತಿಗೆ ಅವಳೇ ಅಧ್ಯಕ್ಷೆ. ಬಿಸಿಯೂಟದ ಬೇಳೆ ನೀರಾದರೆ ಕೇಳುವವಳು ಅವಳು, ಶೌಚಾಲಯದ ಬಾಗಿಲು ಮುರಿದರೆ ಬಡಗಿಯನ್ನು ಎಳೆದು ತರುವವಳು ಅವಳು. ಇಷ್ಟೆಲ್ಲ ಮಾಡಿ ಒಂದು ಸಂಜೆ ಗೇಟಿನ ಮುಂದೆ ನಿಂತಿದ್ದರೆ, ನೇಪಾಳದಿಂದ ಬಂದ ಮನಮಾಯಾ ಎಂಬ ಹೆಂಗಸು ಅವಳ ಮಗ್ಗುಲಲ್ಲೇ ಹಾದುಹೋಗಿ, "ದೀದಿ" ಎಂದು ಕರೆದು, ಮನೆಯಲ್ಲೇ ಹಾಕಿದ ಉಪ್ಪಿನಕಾಯಿಯನ್ನು ಹೇಮಶ್ರೀಯ ಕೈಗೆ ಕೊಟ್ಟಳು.

ಹೇಮಶ್ರೀ ಸಮಿತಿಗೆ ನಿನ್ನೆ ಮೊನ್ನೆ ಬಂದವಳು. ಟಿ.ವಿ. ಧಾರಾವಾಹಿ ನೋಡಿ ಕಲಿತ ಹರಕುಮುರುಕು ಹಿಂದಿ, ಯಾರನ್ನು ಕಂಡರೂ ಒಂದು ನಗು, ಇಷ್ಟೇ ಅವಳ ಬಂಡವಾಳ. ಅಷ್ಟಕ್ಕೇ ಉಪ್ಪಿನಕಾಯಿ. ಆ ರಾತ್ರಿ ರಂಜಿನಿಗೆ ಊಟ ಸೇರಲಿಲ್ಲ.

ಶಾಲೆಯ ಮಕ್ಕಳಲ್ಲಿ ಈಗ ಅರ್ಧದಷ್ಟು ಹೊಸಬರ ಮಕ್ಕಳೇ. ಅಪಾರ್ಟ್‌ಮೆಂಟುಗಳ ವಾಚ್‌ಮನ್ನರಾಗಿ ಬಂದ ನೇಪಾಳದವರು, ತರಗುಪೇಟೆಯಲ್ಲಿ ಮೂಟೆ ಹೊರಲು ಬಂದ ಬಿಹಾರದವರು. ಮಕ್ಕಳು ವರ್ಷದೊಳಗೆ ಕನ್ನಡದಲ್ಲಿ ಜಗಳವಾಡುವಷ್ಟು ಪಳಗಿಬಿಡುತ್ತಿದ್ದರು. ತಂದೆತಾಯಂದಿರು ಮಾತ್ರ ಗೇಟಿನಿಂದ ಒಳಗೆ ಕಾಲಿಡುತ್ತಿರಲಿಲ್ಲ.

ಹೆಡ್‌ಮಾಸ್ಟರ್ ಶಿವಲಿಂಗಯ್ಯನವರಿಗೆ ಅದೇ ಕೊರಗು. "ಬರೋ ಶನಿವಾರ ಹೊಸ ಸಮಿತಿ ಆಯ್ಕೆ ಇದೆ," ಎಂದರು. "ಅರ್ಧ ಮಕ್ಕಳ ಮನೆಯವರನ್ನ ಬಿಟ್ಟು ಆಯ್ಕೆ ಮಾಡೋದು ನಂಗಂತೂ ಸರಿ ಕಾಣಲ್ಲ. ಮಕ್ಕಳ ಬ್ಯಾಗಲ್ಲಿ ಎಷ್ಟು ಚೀಟಿ ಕಳಿಸಿದ್ರೂ ಯಾರೂ ಬರಲ್ಲ. ಏನ್ ಮಾಡೋಣ ಹೇಳಿ."

ರಂಜಿನಿ ಬಾಯಿ ತೆರೆಯುವ ಮುಂಚೆ ಹೇಮಶ್ರೀ ಹೇಳಿದಳು. "ಗೌರಿ ಹಬ್ಬಕ್ಕೆ ನಾವು ಚೀಟಿ ಕಳಿಸ್ತೀವಾ ಸಾರ್? ಮನೆ ಬಾಗಿಲಿಗೆ ಹೋಗಿ ಕುಂಕುಮ ಕೊಟ್ಟು ಕರೀತೀವಿ. ಇವರನ್ನೂ ಹಂಗೇ ಕರೆಯೋಣ. ಅವರಲ್ಲೂ ಹಣೆಗೆ ಇಡೋದು ಇದೆ."

ಮೇಷ್ಟ್ರ ಮುಖ ಅರಳಿತು. "ಎಂಥಾ ಮಾತು ಹೇಳಿದ್ರಿ ಹೇಮಶ್ರೀಯಮ್ಮ. ಗುರುವಾರ ನೀವಿಬ್ಬರೂ ಹೋಗ್ಬನ್ನಿ."

ರಂಜಿನಿಯ ಮೈಯೆಲ್ಲ ಉರಿಯಿತು. ಹುಟ್ಟಿದಾಗಿನಿಂದ ನೋಡಿಕೊಂಡು ಬಂದ ಪದ್ಧತಿ. ಬೀದಿಯ ಯಾವ ಹೆಂಗಸಿಗಾದರೂ ಗೊತ್ತಿರುವ ವಿಷಯ. ಅದು ತನ್ನ ತಲೆಗೆ ಹೊಳೆಯದೆ ಇವಳ ತಲೆಗೇ ಹೊಳೆಯಬೇಕೇ? ನಾಳೆ ಆ ಹೆಂಗಸರೆಲ್ಲ ದೀದಿ ದೀದಿ ಎಂದು ಬಂದು, ದೀದಿಗೇ ಕೈ ಎತ್ತಿ, ಅಧ್ಯಕ್ಷೆಯ ಕುರ್ಚಿಯಲ್ಲಿ ಅವಳನ್ನೇ ಕೂರಿಸುತ್ತಾರೆ. ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು ಅವಳಿಗೆ.

"ನಂಗೆ ಮದುವೆ ಬ್ಲೌಸುಗಳು ಬಾಕಿ ಇವೆ ಸಾರ್. ಹೇಮಾನೇ ಹೋಗ್ಬರ್ಲಿ," ಎಂದಳು. ಅವಳು ರಾಮೇಶ್ವರ ಗುಡಿಯ ಹತ್ತಿರ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಳು, ಹಾಗಾಗಿ ನೆಪ ನಂಬುವಂತೆಯೇ ಇತ್ತು.

ಆದರೆ ಒಂದು ದಿನ ಮುಂಚೆ, ಬುಧವಾರವೇ, ಅವಳು ಅಂಗಡಿಗೆ ಬೀಗ ಹಾಕಿ ಹೊರಟಳು. ಕೈಯಲ್ಲಿ ತವರಿನವರು ಕೊಟ್ಟ ಬೆಳ್ಳಿಯ ಕುಂಕುಮದ ಭರಣಿ. ಹೇಮಶ್ರೀಯದು ಸ್ಟೀಲಿನದು ಎಂದು ಅವಳಿಗೆ ಗೊತ್ತಿತ್ತು. ಅಷ್ಟಕ್ಕೂ ಸಮಾಧಾನವಾಗದೆ ಚೀಲದ ತುಂಬ ಒಳ್ಳೊಳ್ಳೆ ಬ್ಲೌಸ್ ಪೀಸು ತುಂಬಿಕೊಂಡಿದ್ದಳು. ಒಂದೊಂದು ಮನೆಗೂ ಹೋಗಿ, ಕುಂಕುಮ ಕೊಟ್ಟು, ಬ್ಲೌಸ್ ಪೀಸು ಕೈಗಿಟ್ಟು, "ನಾನು ಅಧ್ಯಕ್ಷೆ. ನಾನು ಕರೀತಿದೀನಿ. ನನ್ನ ಕರೆಗೆ ಬರ್ಬೇಕು," ಎಂದು ಎದೆ ಮುಟ್ಟಿ ತೋರಿಸಿ ಹೇಳಿದಳು. ಸ್ವಂತ ಮಗಳ ನಾಮಕರಣಕ್ಕೂ ಅವಳು ಇಷ್ಟು ಮುತುವರ್ಜಿಯಿಂದ ಕರೆದಿರಲಿಲ್ಲ. ಮರುದಿನ ಹೇಮಶ್ರೀ ಅದೇ ಮನೆಗಳಿಗೆ ಹೋಗಿಬಂದಳು.

ಶನಿವಾರ ಬಂತು. ಶಾಲೆಯ ಹಾಲಿನಲ್ಲಿ ಕುರ್ಚಿ ಹಾಕಿಸಿದ್ದಾಯಿತು, ಮೈಕು ಕಟ್ಟಿಸಿದ್ದಾಯಿತು. ಹಳೆಯ ಪೋಷಕರೆಲ್ಲ ಬಂದು ಕಾಫಿ ಕುಡಿದರು. ಹೊಸಬರಲ್ಲಿ ಒಬ್ಬರೂ ಬರಲಿಲ್ಲ.

ಗೇಟಿಗೂ ಹಾಲಿಗೂ ಓಡಾಡಿ ಓಡಾಡಿ ಹೇಮಶ್ರೀಯ ಕಣ್ಣಲ್ಲಿ ನೀರಾಡಿತು. ಅದನ್ನು ನೋಡಿ ರಂಜಿನಿಗೆ ಹೊಟ್ಟೆ ತಣ್ಣಗಾಯಿತು. ದೀದಿಯಂತೆ ದೀದಿ, ಈಗ ಬರಲಿ ಉಪ್ಪಿನಕಾಯಿ. ಆದರೆ ಆ ತಂಪು ಹೆಚ್ಚು ಹೊತ್ತು ನಿಲ್ಲಲಿಲ್ಲ. ತನ್ನ ಕರೆಗೂ ಯಾರೂ ಬಂದಿಲ್ಲವಲ್ಲ. ಬೆಳ್ಳಿಯ ಭರಣಿ, ಬ್ಲೌಸ್ ಪೀಸು, ಇದ್ದಬದ್ದ ಮರ್ಯಾದೆ, ಎಲ್ಲ ಕೊಟ್ಟು ಕರೆದಿದ್ದಳು. ಮೇಷ್ಟ್ರು ಆಯ್ಕೆಯನ್ನು ಮುಂದಿನ ಶನಿವಾರಕ್ಕೆ ಹಾಕಿ, "ಆಗ್ಲೂ ಬರ್ಲಿಲ್ಲ ಅಂದ್ರೆ ಇವರ ಆಸೆ ಬಿಟ್ಬಿಡೋಣ," ಎಂದು ಒಳಗೆ ಹೋದರು.

ರಂಜಿನಿ ನೆಟ್ಟಗೆ ಮನಮಾಯಾ ಇದ್ದಲ್ಲಿಗೆ ನಡೆದಳು. ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಒಂದೇ ಕೋಣೆಯ ಮನೆ. ಮನಮಾಯಾ ಅವಳನ್ನು ಕಂಡದ್ದೇ ಗಾಬರಿಯಾಗಿ ಒಳಗೆ ಹೋಗಿ, ಬ್ಲೌಸ್ ಪೀಸನ್ನು ಮಡಿಕೆ ಬಿಚ್ಚದೆ ಹಾಗೇ ತಂದು ಮುಂದೆ ಹಿಡಿದಳು.

"ವಾಪಸ್ ತಗೊಳ್ಳಿ ಮೇಡಂ. ನಾವು ಯಾರ ಪಾರ್ಟಿನೂ ಅಲ್ಲ," ಎಂದಳು, ಮಗಳಿಂದ ಕಲಿತ ಕನ್ನಡದಲ್ಲಿ.

"ಪಾರ್ಟಿನಾ? ಯಾವ ಪಾರ್ಟಿ?"

"ನೀವು ಬಂದು ಕರೆದ್ರಿ, ನನ್ನ ಕರೆಗೆ ಬಾ ಅಂದ್ರಿ. ಮಾರನೇ ದಿನ ದೀದಿ ಬಂದು ಕರೆದ್ರು. ನಮ್ಮ ಊರಲ್ಲಿ ಒಂದು ಕೆಲಸಕ್ಕೆ ಇಬ್ರು ಬೇರೆ ಬೇರೆ ಕರೆದ್ರೆ ಅಲ್ಲಿ ಜಗಳ ಇದೆ ಅಂತ. ಒಬ್ರ ಕರೆಗೆ ಹೋದ್ರೆ ಇನ್ನೊಬ್ರಿಗೆ ಸಿಟ್ಟು." ಮನಮಾಯಾ ದನಿ ತಗ್ಗಿಸಿದಳು. "ನನ್ನ ಮಗಳು ಅಲ್ಲೇ ಓದ್ಬೇಕು ಮೇಡಂ. ಎಲ್ಲಾರೂ ಮಾತಾಡ್ಕೊಂಡ್ವಿ. ಯಾರ ಕಡೆಗೂ ಹೋಗೋದು ಬೇಡ ಅಂತ."

ನೆರೆಮನೆಯವರಿಗೆ ಅಪಶಕುನವಾಗಲಿ ಎಂದು ತನ್ನ ಮೂಗು ಕೊಯ್ದುಕೊಂಡವಳ ಕಥೆಯನ್ನು ರಂಜಿನಿ ಎಷ್ಟೋ ಸಲ ಬೇರೆಯವರಿಗೆ ಹೇಳಿ ನಕ್ಕಿದ್ದಳು. ಈಗ ಕೊಯ್ದುಕೊಂಡ ಮೂಗು ತನ್ನದೇ. ಅದರ ಜೊತೆಗೆ ಈ ಹೆಂಗಸಿಗೆ, ಮಗಳಿಗೆ ಶಾಲೆಯಲ್ಲಿ ಏನಾದರೂ ಮಾಡಿಯಾರು ಎಂಬ ಭಯ. ಅದೂ ತನ್ನಿಂದ. ಅವಳಿಗೆ ನಿಜಕ್ಕೂ ನಾಚಿಕೆಯಾಯಿತು.

"ಇದು ನಿಂಗೆ ಕೊಟ್ಟಿದ್ದು, ಇಟ್ಕೋ. ನಾಳೆ ಬರ್ತೀನಿ," ಎಂದಷ್ಟೇ ಹೇಳಿ ಹೊರಬಿದ್ದಳು.

ಹೇಮಶ್ರೀಯ ಮನೆಗೆ ಹೋಗುವುದು ಅದಕ್ಕಿಂತ ಕಷ್ಟವಾಯಿತು. ಬಾಗಿಲು ತೆರೆದವಳ ಮುಖ ಅತ್ತು ಊದಿಕೊಂಡಿತ್ತು. ರಂಜಿನಿ ಕೂರಲೂ ಇಲ್ಲ.

"ಬುಧವಾರ ನಾನು ಹೋಗಿ ಕರೆದಿದ್ದೆ ಹೇಮಾ. ಅದಕ್ಕೇ ಯಾರೂ ಬರ್ಲಿಲ್ಲ. ಎರಡು ಪಾರ್ಟಿ ಅಂದ್ಕೊಂಡಿದಾರೆ."

"ನೀವು ಹೋಗಿದ್ದು ಗೊತ್ತು ಅಕ್ಕ. ಎಲ್ಲರ ಮನೇಲೂ ಬ್ಲೌಸ್ ಪೀಸ್ ನೋಡಿದೆ. ಅಂಥಾವು ನಿಮ್ಮ ಅಂಗಡಿ ಬಿಟ್ರೆ ಎಲ್ಲಿವೆ?"

"ಮತ್ತೆ ಯಾಕೆ ಸುಮ್ನಿದ್ದೆ?"

"ನಂಗೂ ಉರೀತು," ಎಂದಳು ಹೇಮಶ್ರೀ. "ನಾನು ಬರೀ ಕುಂಕುಮ ಇಟ್ಕೊಂಡು ಹೋಗಿದ್ದೆ. ನೀವು ಕೊಟ್ಟಿದ್ರ ಮುಂದೆ ನಂದೇನು ಅನ್ನಿಸ್ತು. ಅದಕ್ಕೆ ನಾನೂ ನಿಮ್ಮ ಹೆಸರು ಎತ್ತದೆ, ನಂಗೋಸ್ಕರ ಬನ್ನಿ ಅಂದ್ಬಿಟ್ಟೆ."

ಇವಳಿಗೂ ಹೊಟ್ಟೆಕಿಚ್ಚು, ಅದೂ ತನ್ನ ಮೇಲೆ ಎಂದು ಕೇಳಿ ರಂಜಿನಿಗೆ ಒಳಗೊಳಗೇ ಖುಷಿಯಾಯಿತು. ಅದನ್ನು ತೋರಗೊಡದೆ, "ನಿನ್ನ ಕಂಡ್ರೆ ನಂಗೆ ಆಗಲ್ಲ ಕಣೆ, ಇದ್ದಿದ್ದು ಇದ್ದಂಗೆ ಹೇಳ್ತೀನಿ," ಎಂದಳು. "ಅಧ್ಯಕ್ಷೆ ಸ್ಥಾನಾನೂ ಬಿಟ್ಟು ಕೊಡಲ್ಲ, ನಿಂತ್ಕೋತೀನಿ. ಆದ್ರೆ ನಾಳೆ ಇಬ್ರೂ ಒಟ್ಟಿಗೆ ಹೋಗೋಣ. ಭರಣಿ ಒಂದೇ ಇರ್ಲಿ."

"ನಿಮ್ಮದೇ ತನ್ನಿ, ಬೆಳ್ಳೀದು," ಎಂದಳು ಹೇಮಶ್ರೀ.

"ಬೇಡ. ನಿನ್ನದೇ ತಾ."

ಭಾನುವಾರ ಬೆಳಗ್ಗೆ ಇಬ್ಬರೂ ಮೊದಲು ಮನಮಾಯಾಳ ಬಾಗಿಲಿಗೇ ಹೋದರು. ಹೇಮಶ್ರೀ ಸ್ಟೀಲಿನ ಭರಣಿ ಹಿಡಿದಳು, ರಂಜಿನಿ ಮುಚ್ಚಳ ತೆಗೆದಳು. ಮನಮಾಯಾ ಕುಂಕುಮ ಮುಟ್ಟಲಿಲ್ಲ. ಇಬ್ಬರ ಮುಖವನ್ನೂ ಅನುಮಾನದಿಂದ ನೋಡಿದಳು.

"ನೀವಿಬ್ರೂ ಅಕ್ಕ ತಂಗಿನಾ?"

ಹೇಮಶ್ರೀ ಹೌದೆಂದು ತಲೆಯಾಡಿಸಲು ಹೊರಟಳು. ಮತ್ತೊಂದು ಸುಳ್ಳು ಬೇಡವೆನಿಸಿತು ರಂಜಿನಿಗೆ.

"ಅಲ್ಲಮ್ಮ," ಎಂದಳು. "ನಾವು ವಾರಗಿತ್ತೀರು ಇದ್ದಂಗೆ."

ಮನಮಾಯಾಗೆ ಆ ಮಾತು ತಿಳಿಯಲಿಲ್ಲ. ಅಣ್ಣತಮ್ಮಂದಿರ ಹೆಂಡಿರು, ಒಂದೇ ಮನೆಗೆ ಬಂದವರು ಎಂದು ಹೇಮಶ್ರೀ ತನ್ನ ಹಿಂದಿಯಲ್ಲಿ ಬಿಡಿಸಿ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳಿಗೇ ನಗು ಬಂತು. ಮನಮಾಯಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

"ಊರಲ್ಲಿ ನಂಗೂ ಮೂರು ಜನ ಇದಾರೆ. ದಿನಾ ಜಗಳ," ಎಂದಳು. "ಆದ್ರೆ ಮನೆ ಒಂದೇ ಅಲ್ವಾ. ಬರ್ತೀವಿ ಮೇಡಂ, ಎಲ್ಲಾರಿಗೂ ಹೇಳ್ತೀನಿ."

ಆಮೇಲೆ ಕುಂಕುಮ ತೆಗೆದುಕೊಂಡು ತನ್ನ ಹಣೆಗಿಟ್ಟುಕೊಂಡಳು. ಮರಳಿ ಇವರಿಗೂ ಇಡಲು ಕೈ ಚಾಚಿ, ಮೊದಲು ಹೇಮಶ್ರೀಗೆ ಇಟ್ಟಳು.

ರಂಜಿನಿಯ ಹೊಟ್ಟೆಯಲ್ಲಿ ಚುರುಕ್ ಎಂದಿತು. ಅವಳು ಹಣೆ ಮುಂದೆ ಮಾಡಿ, ತನ್ನ ಸರದಿಗೆ ಕಾದು ನಿಂತಳು.